ಡರ್ಟ್ ಬೈಕ್, ಸೈಡ್-ಬೈ-ಸೈಡ್ ಕೊಳ್ಳುವ ಮುಂಚೆ: ಶೋರೂಮಿನ ಫೀಗಳನ್ನು ಓದುವುದು ಹೇಗೆ

ಬೇ ಏರಿಯಾದ ಕನ್ನಡಿಗರಿಂದ ಈಚೆಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಗೆಳೆಯರ ಜೊತೆ ಹಾಲಿಸ್ಟರ್ ಹಿಲ್ಸ್‌ಗೋ ಕಾರ್ನೆಗಿಗೋ ಹೋಗುತ್ತಾರೆ, ಮಣ್ಣಿನಲ್ಲಿ ಬೈಕ್ ಓಡಿಸುವ ರುಚಿ ಹತ್ತುತ್ತದೆ. ಆಮೇಲೆ ಶೋರೂಮಿಗೆ ಹೋಗುತ್ತಾರೆ. ವೆಬ್‌ಸೈಟಿನಲ್ಲಿ 18,000 ಡಾಲರ್ ಅಂತ ಇದ್ದ ಗಾಡಿಗೆ ಅಲ್ಲಿ 23,000 ದಾಟಿದ ಲೆಕ್ಕದ ಚೀಟಿ ಕೈಗೆ ಬರುತ್ತದೆ. "ಇದು ಮೋಸವಾ, ಇಲ್ಲಾ ಎಲ್ಲಾ ಕಡೆ ಹೀಗೇನಾ?" ಅಂತ ಕೇಳುತ್ತಾರೆ.

ಆ ಐದು ಸಾವಿರದಲ್ಲಿ ಸ್ವಲ್ಪ ಭಾಗ ನ್ಯಾಯವಾದದ್ದು, ಅದನ್ನು ಕೊಡಲೇಬೇಕು. ಸ್ವಲ್ಪ ಭಾಗ ಚೌಕಾಸಿಗೆ ಬಿಟ್ಟಿದ್ದು. ಉಳಿದದ್ದಕ್ಕೆ ಖಡಾಖಂಡಿತವಾಗಿ ಬೇಡ ಅನ್ನಬೇಕು. ಯಾವುದು ಯಾವುದು ಅಂತ ಕೆಳಗೆ ಬಿಡಿಸಿ ಹೇಳಿದ್ದೇನೆ. ಲೆಕ್ಕವೆಲ್ಲ ಕ್ಯಾಲಿಫೋರ್ನಿಯಾದ್ದು. ಬೇರೆ ರಾಜ್ಯದಲ್ಲಿ ಇರುವವರಿಗೂ ದಾರಿ ಇದೇ, ತೆರಿಗೆ ಮತ್ತು ಮಿತಿಗಳು ಮಾತ್ರ ಬೇರೆ.

ಮೊದಲು ಕೆಲವು ಪದಗಳು. ಸೈಡ್-ಬೈ-ಸೈಡ್ ಅಂದರೆ ಪಕ್ಕಪಕ್ಕ ಸೀಟು, ಸ್ಟೀರಿಂಗ್, ಸುತ್ತ ಕಬ್ಬಿಣದ ಪಂಜರ ಇರುವ ನಾಲ್ಕು ಚಕ್ರದ ಗಾಡಿ. ಪೊಲಾರಿಸ್ ಆರ್‌ಝಡ್‌ಆರ್, ಕ್ಯಾನ್-ಆಮ್ ಮ್ಯಾವರಿಕ್, ಹೋಂಡಾ ಟ್ಯಾಲನ್ ಈ ಜಾತಿಯವು. ಎಂಎಸ್‌ಆರ್‌ಪಿ ಅಂದರೆ ಕಂಪನಿ ಸೂಚಿಸುವ ಬೆಲೆ. ನಮ್ಮೂರಿನಲ್ಲಿ ಎಕ್ಸ್-ಶೋರೂಮ್ ಅಂತೀವಲ್ಲ, ಹೆಚ್ಚುಕಡಿಮೆ ಅದೇ. ಔಟ್-ದಿ-ಡೋರ್ ಬೆಲೆ ಅಂದರೆ ನಮ್ಮ ಆನ್-ರೋಡ್ ಬೆಲೆ: ತೆರಿಗೆ, ಫೀ, ನೋಂದಣಿ ಎಲ್ಲಾ ಸೇರಿ ಗಾಡಿ ಬಾಗಿಲು ದಾಟುವಷ್ಟರಲ್ಲಿ ನಿಮ್ಮ ಜೇಬಿನಿಂದ ಹೋಗುವ ಒಟ್ಟು ಹಣ. ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಔಟ್-ದಿ-ಡೋರ್ ಬೆಲೆ ಬಿಟ್ಟು ಬೇರೆ ಯಾವ ಅಂಕಿಯ ಮೇಲೂ ಚೌಕಾಸಿ ಮಾಡಬೇಡಿ.

ಕಾರು ಕೊಂಡವರಿಗೆ ಇಷ್ಟು ಗೊಂದಲ ಆಗಿರುವುದಿಲ್ಲ. ಅದಕ್ಕೆ ಕಾರಣವಿದೆ. 1958ರ ಕೇಂದ್ರ ಕಾನೂನಿನ ಪ್ರಕಾರ ಅಮೆರಿಕದಲ್ಲಿ ಮಾರುವ ಪ್ರತಿ ಹೊಸ ಕಾರಿನ ಗಾಜಿಗೂ ಬೆಲೆಯ ಚೀಟಿ ಅಂಟಿಸಿರಬೇಕು. ಸಾಗಣೆ ಖರ್ಚು ಸಹ ಅದರಲ್ಲೇ ಇರುತ್ತದೆ. ಈ ಕಾನೂನು ಬೈಕಿಗೂ ಸೈಡ್-ಬೈ-ಸೈಡ್‌ಗೂ ಅನ್ವಯಿಸುವುದಿಲ್ಲ. ಹಾಗಾಗಿ ಒಂದೇ ಗಾಡಿಗೆ ಒಂದು ಶೋರೂಮಿನಲ್ಲಿ ಒಂದು ಫೀ, ಹತ್ತು ಮೈಲಿ ಆಚೆ ಇನ್ನೊಂದು ಫೀ.

1. ಎಲ್ಲಿ ಓಡಿಸುತ್ತೀರಿ ಅಂತ ಮೊದಲು ತೀರ್ಮಾನಿಸಿ

ಬೆಲೆಯ ಮಾತು ಆಮೇಲೆ. ತಪ್ಪು ಗಾಡಿಯನ್ನು ಒಳ್ಳೆ ರೇಟಿಗೆ ಕೊಂಡರೂ ಅದು ನಷ್ಟವೇ.

ಹೋಂಡಾ ಸಿಆರ್‌ಎಫ್300ಎಲ್ ತರಹದ ಡ್ಯುಯಲ್ ಸ್ಪೋರ್ಟ್ ಬೈಕಿಗೆ ನಂಬರ್ ಪ್ಲೇಟ್ ಸಿಗುತ್ತದೆ, ರಸ್ತೆಯಲ್ಲೂ ಓಡಿಸಬಹುದು. ಸಿಆರ್‌ಎಫ್250ಎಫ್ ತರಹದ ಟ್ರೇಲ್ ಬೈಕಿಗೆ ಕ್ಯಾಲಿಫೋರ್ನಿಯಾದಲ್ಲಿ ಗ್ರೀನ್ ಸ್ಟಿಕರ್ ಸಿಗುತ್ತದೆ. ಸರ್ಕಾರದ ಆಫ್-ರೋಡ್ ಜಾಗಗಳಲ್ಲಿ ಓಡಿಸಲು ಇದೇ ಪರವಾನಗಿ. ಮೂರನೆಯದು ಮೋಟೋಕ್ರಾಸ್ ರೇಸ್ ಬೈಕು: ಯಮಾಹಾ ವೈಝಡ್250ಎಫ್, ಕವಾಸಾಕಿ ಕೆಎಕ್ಸ್250 ಇತ್ಯಾದಿ. ಜನ ಎಡವುವುದು ಇಲ್ಲೇ. ಹೊಗೆ ನಿಯಮಕ್ಕೆ ಹೊಂದದ ಇಂಥ ಬೈಕುಗಳಿಗೆ 2022ರ ಮಾಡೆಲ್‌ನಿಂದ ಈಚೆಗೆ ರಾಜ್ಯದಲ್ಲಿ ಯಾವ ಸ್ಟಿಕರೂ ಸಿಗುವುದಿಲ್ಲ. ಅವು ರೇಸ್ ಟ್ರ್ಯಾಕಿಗೆ ಮಾತ್ರ. ಶೋರೂಮಿನಲ್ಲಿ ಎಲ್ಲಾ ಒಂದೇ ಸಾಲಿನಲ್ಲಿ ನಿಂತಿರುತ್ತವೆ, ನೋಡಲು ರೇಸ್ ಬೈಕೇ ಚೆನ್ನಾಗಿ ಕಾಣುತ್ತದೆ. "ಇದಕ್ಕೆ ಗ್ರೀನ್ ಸ್ಟಿಕರ್ ಸಿಗುತ್ತಾ?" ಅಂತ ಬಾಯಿಬಿಟ್ಟು ಕೇಳಿ, ಉತ್ತರವನ್ನು ಈಮೇಲಿನಲ್ಲಿ ತೆಗೆದುಕೊಳ್ಳಿ.

ಸೈಡ್-ಬೈ-ಸೈಡ್ ಅನ್ನು ಅರಿಝೋನಾ, ಯೂಟಾದಲ್ಲಿ ಬೇಕಾದ ಲೈಟು-ಕನ್ನಡಿ ಹಾಕಿಸಿ ರಸ್ತೆಗೂ ನೋಂದಾಯಿಸುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಆ ಅವಕಾಶವಿಲ್ಲ. ಹಾಗಾಗಿ ಟ್ರೇಲರ್ ಮತ್ತು ಅದನ್ನು ಎಳೆಯುವ ಗಾಡಿಯ ಖರ್ಚನ್ನೂ ಮೊದಲೇ ಬಜೆಟ್ಟಿಗೆ ಸೇರಿಸಿ.

2. ಕಂಪನಿ ಬೆಲೆ ಮತ್ತು ಗಾಡಿಯ ವರ್ಷ ಬರೆದುಕೊಳ್ಳಿ

ಕಂಪನಿಯ ವೆಬ್‌ಸೈಟಿನಲ್ಲಿ ಎಂಎಸ್‌ಆರ್‌ಪಿ ನೋಡಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಡೆಸ್ಟಿನೇಷನ್ ಚಾರ್ಜ್, ಅಂದರೆ ಫ್ಯಾಕ್ಟರಿಯಿಂದ ಶೋರೂಮಿಗೆ ತರುವ ಖರ್ಚು, ಎಷ್ಟು ಅಂತ ಹಲವು ಕಂಪನಿಗಳು ಹಾಕಿರುತ್ತವೆ. ಎರಡನ್ನೂ ಸ್ಕ್ರೀನ್‌ಶಾಟ್ ತೆಗೆದಿಡಿ.

ಶೋರೂಮಿನಲ್ಲಿ ನಿಮಗೆ ಇಷ್ಟವಾದ ಗಾಡಿ ಯಾವ ವರ್ಷದ ಮಾಡೆಲ್ ಅಂತ ನೀವೇ ಪರೀಕ್ಷಿಸಿ. ಫ್ರೇಮಿನ ಮೇಲೆ 17 ಅಕ್ಷರ-ಅಂಕಿಗಳ ವಿನ್ ನಂಬರ್ ಇರುತ್ತದೆ. ಬೈಕಿನಲ್ಲಾದರೆ ಹ್ಯಾಂಡಲ್ ಕೆಳಗಿನ ಕುತ್ತಿಗೆಯ ಭಾಗದಲ್ಲಿ ಕೊರೆದಿರುತ್ತಾರೆ. ಎಡದಿಂದ ಹತ್ತನೆಯದು ಮಾಡೆಲ್ ವರ್ಷ: ಪಿ ಅಂದರೆ 2023, ಆರ್ ಅಂದರೆ 2024, ಎಸ್ ಅಂದರೆ 2025, ಟಿ ಅಂದರೆ 2026.

ಇದು ಯಾಕೆ ಮುಖ್ಯ ಅಂದರೆ, ಶೋರೂಮಿನಲ್ಲಿರುವ ಗಾಡಿಗಳನ್ನು ಡೀಲರು ಸಾಮಾನ್ಯವಾಗಿ ಸಾಲದ ಮೇಲೆ ತಂದಿಟ್ಟಿರುತ್ತಾನೆ. ಇದಕ್ಕೆ ಫ್ಲೋರ್ ಪ್ಲಾನ್ ಅಂತಾರೆ. ಗಾಡಿ ನಿಂತಷ್ಟು ದಿನ ಬಡ್ಡಿ ಬೆಳೆಯುತ್ತದೆ. ಹೋದ ವರ್ಷದ ಮಾಡೆಲ್ ಇನ್ನೂ ನಿಂತಿದ್ದರೆ ಅದನ್ನು ಸಾಗಹಾಕುವ ಅವಸರ ಅವನಿಗೇ ಜಾಸ್ತಿ. ಬದಲಾವಣೆ ಬರೀ ಬಣ್ಣದ್ದಾಗಿದ್ದರೆ ಕಣ್ಣುಮುಚ್ಚಿ ಹಳೇ ಮಾಡೆಲ್ ಕೇಳಿ.

ಚಳಿಗಾಲದಲ್ಲಿ ಅಗ್ಗ ಅನ್ನುವ ಮಾತು ಮಾತ್ರ ಎಲ್ಲಾ ಕಡೆ ನಡೆಯುವುದಿಲ್ಲ. ಹಿಮ ಬೀಳುವ ರಾಜ್ಯಗಳಲ್ಲಿ ನಿಜ. ಆದರೆ ದಕ್ಷಿಣ ಕ್ಯಾಲಿಫೋರ್ನಿಯಾದ ಗ್ಲಾಮಿಸ್ ಮರಳುಗುಡ್ಡಗಳ ಸೀಸನ್ ಅಕ್ಟೋಬರ್‌ಗೆ ಶುರುವಾಗುತ್ತದೆ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರ ಅಲ್ಲಿ ಜಾತ್ರೆ. ಆ ಕಡೆ ಸೈಡ್-ಬೈ-ಸೈಡ್ ಕೊಳ್ಳುವುದಾದರೆ ಬೇಸಿಗೆಯ ಸುಡುಬಿಸಿಲಿನಲ್ಲಿ ಹೋಗಿ ಕೇಳಿ.

3. ಚೀಟಿಯನ್ನು ಸಾಲು ಸಾಲಾಗಿ ಓದಿ

ಕ್ಯಾಲಿಫೋರ್ನಿಯಾದ ಕಾನೂನು ಇಲ್ಲಿ ನಿಮಗೆ ಸಹಾಯಕ್ಕಿದೆ. ಜೋಡಿಸಿ ಮಾರಾಟಕ್ಕೆ ನಿಲ್ಲಿಸಿದ ಹೊಸ ಬೈಕಿನ ಹ್ಯಾಂಡಲ್‌ಗೆ ಬೆಲೆಯ ಚೀಟಿ ಕಟ್ಟಿರಲೇಬೇಕು. ಕಂಪನಿ ಬೆಲೆ ಎಷ್ಟು, ಡೀಲರು ಮೇಲೆ ಸೇರಿಸಿದ್ದು ಎಷ್ಟು ಅಂತ ಅದರಲ್ಲಿ ತೋರಿಸಬೇಕು. ಚೀಟಿ ಇಲ್ಲದಿದ್ದರೆ ಕೇಳಿ. ಇದ್ದರೆ ಫೋಟೋ ತೆಗೆದುಕೊಳ್ಳಿ. ಈಗ ಸಾಲುಗಳಿಗೆ ಬರೋಣ.

ಫ್ರೈಟ್ ಅಥವಾ ಡೆಸ್ಟಿನೇಷನ್. ಇದು ನಿಜವಾದ ಖರ್ಚು. ಕಂಪನಿ ಡೀಲರಿಗೆ ಇದನ್ನು ಬಿಲ್ ಮಾಡುತ್ತದೆ. ಇದರ ಮೇಲೆ ಜಗಳ ಬೇಡ. ಆದರೆ ನಿಮ್ಮ ಸ್ಕ್ರೀನ್‌ಶಾಟಿನಲ್ಲಿರುವ ಅಂಕಿಗಿಂತ ಚೀಟಿಯಲ್ಲಿ ಹೆಚ್ಚಿದ್ದರೆ ಮೇಲಿನದೆಲ್ಲಾ ಡೀಲರಿನ ಲಾಭ. ಅದನ್ನು ಕೇಳಿ ಇಳಿಸಿ.

ಸೆಟಪ್, ಪ್ರೆಪ್, ಪಿಡಿಐ. ಮೂರೂ ಒಂದೇ ಕೆಲಸದ ಹೆಸರುಗಳು: ಗಾಡಿಯನ್ನು ಪೆಟ್ಟಿಗೆಯಿಂದ ತೆಗೆದು ಓಡಿಸಲು ಸಿದ್ಧ ಮಾಡುವುದು. ಮೂರನ್ನೂ ಬೇರೆ ಬೇರೆ ಸಾಲಾಗಿ ಬರೆದು ಮೂರು ಸಲ ದುಡ್ಡು ಕೇಳುವವರಿದ್ದಾರೆ, ಎಚ್ಚರ. ಕೆಲಸವಂತೂ ನಿಜವಾದದ್ದು. ಬೈಕು ಕಬ್ಬಿಣದ ಚೌಕಟ್ಟಿನೊಳಗೆ ಹ್ಯಾಂಡಲ್ ಬಿಚ್ಚಿ, ಎಷ್ಟೋ ಸಲ ಮುಂದಿನ ಚಕ್ರವನ್ನೂ ಬಿಚ್ಚಿ ಬರುತ್ತದೆ. ಮೆಕ್ಯಾನಿಕ್ ಚಕ್ರ ಕೂರಿಸಬೇಕು, ಬೋಲ್ಟುಗಳನ್ನು ಕಂಪನಿ ಹೇಳಿದಷ್ಟೇ ಬಿಗಿ ಮಾಡಬೇಕು, ಬ್ಯಾಟರಿ ಚಾರ್ಜ್ ಮಾಡಬೇಕು, ಚೈನಿನ ಸಡಿಲ ನೋಡಬೇಕು, ಬ್ರೇಕ್ ಪರೀಕ್ಷಿಸಬೇಕು. ನಿಮ್ಮ ಜೀವ ಆ ಬೋಲ್ಟುಗಳ ಮೇಲಿದೆ. ಇದಕ್ಕೆ ನ್ಯಾಯವಾದ ಹಣ ಕೊಡಿ. ಆದರೆ ಅವರ ಸರ್ವಿಸ್ ವಿಭಾಗದಲ್ಲಿ ಗಂಟೆಗೆ ಎಷ್ಟು ಕೂಲಿ ಅಂತ ಗೋಡೆಯ ಮೇಲೆ ಹಾಕಿರುತ್ತಾರಲ್ಲ, ಅದನ್ನು ಕೆಲಸಕ್ಕೆ ಹಿಡಿಯುವ ಗಂಟೆಗಳಿಂದ ಗುಣಿಸಿ ನೋಡಿ. ಕೆಲವು ಗಂಟೆಯ ಕೆಲಸಕ್ಕೆ ಸಾವಿರಾರು ಡಾಲರ್ ಬರೆದಿದ್ದರೆ ಚೌಕಾಸಿಗೆ ಬೇಕಾದಷ್ಟು ಜಾಗವಿದೆ.

ಡಾಕ್ ಫೀ. ಕಾಗದಪತ್ರ ತುಂಬುವ ಖರ್ಚು. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ 85 ಡಾಲರ್ ಗರಿಷ್ಠ ಮಿತಿ ಇದೆ. ನ್ಯೂಯಾರ್ಕಿನಲ್ಲಿ 175. ಫ್ಲಾರಿಡಾದಲ್ಲಿ ಮಿತಿಯೇ ಇಲ್ಲ, ಹಾಗಾಗಿ ಅಲ್ಲಿನ ಗೆಳೆಯರು ಈ ಸಾಲನ್ನು ಕಣ್ಣರಳಿಸಿ ನೋಡಬೇಕು. ಮಿತಿಯಿಲ್ಲದ ಕಡೆ "ಇದು ಎಲ್ಲರಿಗೂ ಒಂದೇ, ತೆಗೆಯಕ್ಕಾಗಲ್ಲ" ಅಂತಾರೆ. ಸರಿ, ಫೀ ಇರಲಿ, ಅಷ್ಟನ್ನು ಗಾಡಿಯ ಬೆಲೆಯಲ್ಲಿ ಇಳಿಸಿ ಅನ್ನಿ.

ಮಾರ್ಕೆಟ್ ಅಡ್ಜಸ್ಟ್‌ಮೆಂಟ್. ಬೇಡಿಕೆ ಜಾಸ್ತಿ ಇದೆ ಅಂತ ಕಂಪನಿ ಬೆಲೆಯ ಮೇಲೆ ಸುಮ್ನೆ ಸೇರಿಸುವ ಹಣ. ಇದಕ್ಕೆ ಬದಲಾಗಿ ನಿಮಗೆ ಏನೂ ಸಿಗುವುದಿಲ್ಲ. ಇದು ಪೂರ್ತಿ ಹೋಗಬೇಕು, ಇಲ್ಲವಾದರೆ ನೀವು ಅಲ್ಲಿಂದ ಹೋಗಬೇಕು.

ಮೊದಲೇ ಹಾಕಿಟ್ಟ ಎಕ್ಸ್‌ಟ್ರಾಗಳು. ಟೈರಿಗೆ ನೈಟ್ರೋಜನ್, ಭಾಗಗಳ ಮೇಲೆ ವಿನ್ ನಂಬರ್ ಕೊರೆಯುವ ಕಳ್ಳತನ ರಕ್ಷಣೆ, ಬಣ್ಣದ ಮೇಲಿನ ಲೇಪ. ಕಲ್ಲುಮಣ್ಣಿನಲ್ಲಿ ಬೀಳಿಸಿ ಎಬ್ಬಿಸುವ ಗಾಡಿಗೆ ಬಣ್ಣದ ಲೇಪ ಬೇಡವೇ ಬೇಡ. ಸೈಡ್-ಬೈ-ಸೈಡ್‌ಗೆ ವಿಂಚ್ (ಸಿಕ್ಕಿಕೊಂಡ ಗಾಡಿಯನ್ನು ಹಗ್ಗದಿಂದ ಎಳೆಯುವ ಯಂತ್ರ), ಛಾವಣಿ, ಗಾಜು ಹಾಕಿ "ಇದು ಪ್ಯಾಕೇಜು" ಅಂತಾರೆ. ಇವುಗಳಲ್ಲಿ ನಿಮಗೆ ಬೇಕಾದದ್ದು ಇದ್ದರೆ ಹೊರಗಿನ ಬೆಲೆ ನೋಡಿ ಹೋಲಿಸಿ. ಬೇಡವಾದದ್ದನ್ನು ಬಿಚ್ಚಿಸಿ.

ತೆರಿಗೆ ಮತ್ತು ನೋಂದಣಿ. ಇದು ಸರ್ಕಾರಕ್ಕೆ ಹೋಗುವ ಹಣ, ಚೌಕಾಸಿ ಇಲ್ಲ. ರಾಜ್ಯದ ಮೂಲ ತೆರಿಗೆ ಶೇಕಡಾ 7.25. ಅದರ ಮೇಲೆ ಊರಿನ ತೆರಿಗೆ ಸೇರುತ್ತದೆ. ರಸ್ತೆಗೆ ನೋಂದಾಯಿಸುವ ಗಾಡಿಗೆ ದರ ನಿಮ್ಮ ಮನೆಯ ವಿಳಾಸಕ್ಕೆ ತಕ್ಕಂತೆ, ಶೋರೂಮ್ ಇರುವ ಊರಿಗಲ್ಲ. ಇಲ್ಲಿ ಗಮನಿಸಬೇಕಾದ್ದು ಎರಡು. ಡಾಕ್ ಫೀ ಮೇಲೂ ತೆರಿಗೆ ಬೀಳುತ್ತದೆ, ಡೀಲರು ಬೆಲೆಗೆ ಸೇರಿಸಿದ್ದರ ಮೇಲೂ ಬೀಳುತ್ತದೆ. ಅಂದರೆ ಸುಳ್ಳು ಫೀ ಒಂದನ್ನು ತೆಗೆಸಿದರೆ ಅದರ ತೆರಿಗೆಯೂ ಉಳಿಯುತ್ತದೆ. ಇನ್ನೊಂದು, ಹಳೇ ಗಾಡಿಯನ್ನು ಎಕ್ಸ್‌ಚೇಂಜಿಗೆ ಕೊಟ್ಟರೂ, ಕಂಪನಿಯ ರಿಬೇಟ್, ಅಂದರೆ ಕಂಪನಿ ಕೊಡುವ ರಿಯಾಯಿತಿ, ಸಿಕ್ಕರೂ ಕ್ಯಾಲಿಫೋರ್ನಿಯಾದಲ್ಲಿ ತೆರಿಗೆ ಇಳಿಯುವುದಿಲ್ಲ. ಡೀಲರೇ ಬೆಲೆ ಇಳಿಸಿದರೆ ಮಾತ್ರ ಇಳಿಯುತ್ತದೆ.

ಆರೆಗಾನ್‌ನಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲ, ಅಲ್ಲಿಂದ ತರಬಹುದಲ್ವಾ ಅಂತ ಹಲವರು ಕೇಳಿದ್ದಾರೆ. ತರಬಹುದು, ಆದರೆ ಇಲ್ಲಿ ನೋಂದಾಯಿಸುವಾಗ ಯೂಸ್ ಟ್ಯಾಕ್ಸ್ ಅಂತ ಅಷ್ಟೇ ಹಣ ಕಟ್ಟಬೇಕು. ಜೊತೆಗೆ ಗಾಡಿಯ ಹೊಗೆ ಲೇಬಲ್ ಮೇಲೆ ಕ್ಯಾಲಿಫೋರ್ನಿಯಾ ಹೆಸರು ಇರದಿದ್ದರೆ ನೋಂದಣಿಗೇ ತೊಂದರೆ. ಅಲ್ಲಿನ ಡೀಲರಿನ ಬೆಲೆಯೇ ಕಡಿಮೆಯಿದ್ದರೆ ಹೋಗಿ. ತೆರಿಗೆ ಉಳಿಸಲು ಅಂತ ಹೋಗಬೇಡಿ.

4. ಬೆಲೆಯನ್ನು ಬರಹದಲ್ಲಿ ತರಿಸಿಕೊಳ್ಳಿ

ಶೋರೂಮಿಗೆ ಹೋಗುವ ಮೊದಲು ನಾಲ್ಕೈದು ಡೀಲರುಗಳಿಗೆ ಒಂದೇ ಈಮೇಲ್ ಕಳಿಸಿ. ನೂರು-ನೂರೈವತ್ತು ಮೈಲಿ ದೂರದವರಿಗೂ ಕಳಿಸಿ. ಅದರಲ್ಲಿ ಇಷ್ಟಿರಲಿ: ಯಾವ ಮಾಡೆಲ್, ಯಾವ ವರ್ಷ, ಯಾವ ಬಣ್ಣ, ನಿಮ್ಮ ಝಿಪ್ ಕೋಡ್, ಪ್ರತಿ ಫೀಯನ್ನೂ ಬಿಡಿಸಿ ಬರೆದ ಔಟ್-ದಿ-ಡೋರ್ ಬೆಲೆ ಬೇಕು ಅನ್ನುವ ಮಾತು, ಈ ತಿಂಗಳೇ ಕೊಳ್ಳುತ್ತೇನೆ ಅನ್ನುವ ಮಾತು. ಸಾಲ ಮಾಡುತ್ತೀರೋ ಪೂರ್ತಿ ಹಣ ಕೊಡುತ್ತೀರೋ ಅದನ್ನು ಬರೆಯಬೇಡಿ. ಸಾಲ ಕೊಡಿಸಿದರೆ ಡೀಲರಿಗೆ ಕಮಿಷನ್ ಸಿಗುತ್ತದೆ. ಕ್ಯಾಶ್ ಗಿರಾಕಿ ಅಂತ ಗೊತ್ತಾದರೆ ಬೆಲೆ ಇಳಿಸುವ ಹುರುಪು ಕಡಿಮೆಯಾಗಬಹುದು.

"ಒಮ್ಮೆ ಬನ್ನಿ, ಕೂತು ಮಾತಾಡೋಣ" ಅಂತ ಉತ್ತರ ಬಂದರೆ ಇನ್ನೊಮ್ಮೆ ವಿನಯವಾಗಿ ಕೇಳಿ. ಎರಡನೇ ಸಲವೂ ಅಂಕಿ ಕೊಡದವರನ್ನು ಬಿಟ್ಟುಬಿಡಿ.

5. ಒಟ್ಟು ಮೊತ್ತದ ಮೇಲೆ ಚೌಕಾಸಿ ಮಾಡಿ

ಫೀಗಳನ್ನು ಒಂದೊಂದಾಗಿ ಹಿಡಿದು ಜಗ್ಗಾಡಿದರೆ ಒಂದು ಜೇಬಿನಿಂದ ತೆಗೆದು ಇನ್ನೊಂದಕ್ಕೆ ಹಾಕುತ್ತಾರೆ. ಸೆಟಪ್‌ನಲ್ಲಿ 300 ಇಳಿಸಿ, ಎಕ್ಸ್‌ಚೇಂಜ್ ಗಾಡಿಗೆ 300 ಕಡಿಮೆ ಕೊಡುತ್ತಾರೆ. ಆದ್ದರಿಂದ ಸಾಲುಗಳನ್ನು ಓದುವುದು ನಿಮಗೆ ವಾದಕ್ಕೆ ಬಲ ಬರಲಿ ಅಂತ, ಒಪ್ಪಂದ ಮಾತ್ರ ಕೊನೆಯ ಅಂಕಿಯ ಮೇಲೆ.

ಒಂದು ಲೆಕ್ಕ ನೋಡಿ. ಅರ್ಥವಾಗಲಿ ಅಂತ ಹಾಕಿದ ಅಂಕಿಗಳಿವು. ಸೈಡ್-ಬೈ-ಸೈಡ್ ಒಂದರ ಕಂಪನಿ ಬೆಲೆ 18,000. ಫ್ರೈಟ್ 1,150, ಸೆಟಪ್ 950, ಡಾಕ್ ಫೀ 85, ಕಳ್ಳತನ ರಕ್ಷಣೆ 499, ಮಾರ್ಕೆಟ್ ಅಡ್ಜಸ್ಟ್‌ಮೆಂಟ್ 1,000. ಕೂಡಿದರೆ 21,684. ಶೇಕಡಾ 9.5ರ ತೆರಿಗೆ 2,060. ನೋಂದಣಿಗೆ 60 ಅಂದುಕೊಳ್ಳಿ. ಒಟ್ಟು 23,804 ಡಾಲರ್.

ಈಗ ಅಡ್ಜಸ್ಟ್‌ಮೆಂಟ್, ಕಳ್ಳತನ ರಕ್ಷಣೆ ಎರಡನ್ನೂ ತೆಗೆಸಿ. ಸೆಟಪ್ 400ಕ್ಕೆ ಇಳಿಸಿ. ಹೋದ ವರ್ಷದ ಮಾಡೆಲ್ ಅಂತ ಬೆಲೆಯಲ್ಲಿ 800 ಬಿಡಿಸಿ. ಫ್ರೈಟ್, ಡಾಕ್ ಫೀ ಹಾಗೇ ಇರಲಿ. ಕೂಡಿದರೆ 18,835, ತೆರಿಗೆ 1,789, ನೋಂದಣಿ 60. ಒಟ್ಟು 20,684. ಉಳಿದದ್ದು 3,120 ಡಾಲರ್. ಇಬ್ಬರಿಗೆ ಒಳ್ಳೆ ಹೆಲ್ಮೆಟ್, ಬೂಟು, ಎದೆಗವಚ ಕೊಂಡರೂ ಹಣ ಮಿಗುತ್ತದೆ.

ಕಡಿಮೆ ಬೆಲೆ ಕೊಟ್ಟ ಡೀಲರಿನ ಈಮೇಲನ್ನು ನಿಮ್ಮ ಮನೆಗೆ ಹತ್ತಿರದ ಡೀಲರಿಗೆ ತೋರಿಸಿ. ಇನ್ನೂರು-ಮುನ್ನೂರು ಡಾಲರ್ ಹೆಚ್ಚಾದರೂ ಹತ್ತಿರದವರ ಬಳಿ ಕೊಳ್ಳುವುದೇ ಮೇಲು ಅಂತ ನನ್ನ ಅಭಿಪ್ರಾಯ. ವಾರಂಟಿ ಕೆಲಸ ಬಂದಾಗ ಟ್ರೇಲರ್ ಕಟ್ಟಿಕೊಂಡು ನೂರು ಮೈಲಿ ಹೋಗುವುದು ತಪ್ಪುತ್ತದೆ.

ಮುಂಗಡ ಕೊಡುವುದಾದರೆ ಕ್ರೆಡಿಟ್ ಕಾರ್ಡಿನಲ್ಲಿ ಕೊಡಿ. ವ್ಯಾಪಾರ ಕುದುರದಿದ್ದರೆ ಮುಂಗಡ ವಾಪಸ್ ಅಂತ ರಶೀತಿಯ ಮೇಲೆ ಬರೆಸಿಕೊಳ್ಳಿ. ಬಾಯಿಮಾತು ಸಾಲದು.

6. ಸಾಲವನ್ನು ಬೇರೆ ಕಡೆಯೂ ವಿಚಾರಿಸಿ

"ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?" ಅಂತ ಸೇಲ್ಸ್‌ನವರು ಕೇಳುತ್ತಾರೆ. ಇದಕ್ಕೆ ಅಂಕಿ ಹೇಳಬೇಡಿ. ಕಂತು ಚಿಕ್ಕದಾಗಿ ಕಾಣಲು ಅವಧಿ ಎಳೆದರೆ ಸಾಕು. 20,000 ಡಾಲರ್ ಸಾಲಕ್ಕೆ ಶೇಕಡಾ 10ರ ಬಡ್ಡಿಯಲ್ಲಿ 60 ತಿಂಗಳಿಗೆ ಕಂತು ಸುಮಾರು 425. 84 ತಿಂಗಳಿಗೆ 332. ಆದರೆ ಮೊದಲನೆಯದರಲ್ಲಿ ಒಟ್ಟು ಬಡ್ಡಿ ಸುಮಾರು 5,500, ಎರಡನೆಯದರಲ್ಲಿ 7,900 ಹತ್ತಿರ.

ನಿಮ್ಮ ಕ್ರೆಡಿಟ್ ಯೂನಿಯನ್‌ನಲ್ಲಿ (ನಮ್ಮ ಸಹಕಾರಿ ಬ್ಯಾಂಕಿನ ತರಹದ್ದು) ಪವರ್‌ಸ್ಪೋರ್ಟ್ಸ್ ಸಾಲಕ್ಕೆ, ಅಂದರೆ ಇಂಥ ಗಾಡಿಗಳ ಸಾಲಕ್ಕೆ, ಎಷ್ಟು ಬಡ್ಡಿ ಅಂತ ಮೊದಲೇ ಕೇಳಿ ಮಂಜೂರಾತಿ ಪತ್ರ ಇಟ್ಟುಕೊಳ್ಳಿ. ಕಾರಿನ ಸಾಲದ ದರ ಇದಕ್ಕೆ ಸಿಗುವುದಿಲ್ಲ. ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ ಕ್ರೆಡಿಟ್ ಇತಿಹಾಸ ಚಿಕ್ಕದಿರುವುದರಿಂದ ದರ ಇನ್ನೂ ಏರಬಹುದು. ಶೋರೂಮಿನ ಪ್ರೊಮೋ ದರ ಕಡಿಮೆ ಕಂಡರೆ ಎರಡು ಪ್ರಶ್ನೆ ಕೇಳಿ. ಪ್ರೊಮೋ ಅವಧಿ ಮುಗಿದ ಮೇಲೆ ಬಡ್ಡಿ ಎಷ್ಟಾಗುತ್ತದೆ? ಈ ದರ ಬೇಕು ಅಂದರೆ ಕಂಪನಿಯ ರಿಬೇಟ್ ಬಿಟ್ಟುಕೊಡಬೇಕಾ?

7. ಫೈನಾನ್ಸ್ ರೂಮಿನಲ್ಲಿ ಅವಸರ ಬೇಡ

ಬೆಲೆ ಒಪ್ಪಿ ಕೈಕುಲುಕಿದ ಮೇಲೆ ಇನ್ನೊಂದು ಕೋಣೆಗೆ ಕರೆದೊಯ್ಯುತ್ತಾರೆ. ಆ ಹೊತ್ತಿಗೆ ದಣಿದಿರುತ್ತೀರಿ, ಮಕ್ಕಳು ಹಸಿವು ಅಂತಿರುತ್ತಾರೆ. ಎಕ್ಸ್‌ಟೆಂಡೆಡ್ ವಾರಂಟಿ, ಗ್ಯಾಪ್, ಟೈರ್ ಪ್ಲಾನ್ ಎಲ್ಲವೂ ಇಲ್ಲೇ ಬರುತ್ತವೆ. ಗ್ಯಾಪ್ ಅಂದರೆ ಗಾಡಿ ಪೂರ್ತಿ ಹಾಳಾದಾಗ ವಿಮೆ ಕೊಡುವ ಹಣಕ್ಕೂ ಉಳಿದ ಸಾಲಕ್ಕೂ ಇರುವ ಅಂತರ ತುಂಬುವ ಯೋಜನೆ. ಮುಂಗಡ ಕಡಿಮೆ ಕೊಟ್ಟವರಿಗೆ ಉಪಯೋಗಕ್ಕೆ ಬರಬಹುದು, ದೊಡ್ಡ ಮೊತ್ತ ಕಟ್ಟಿದವರಿಗೆ ಬೇಕಿಲ್ಲ. ಟರ್ಬೊ ಇರುವ ದುಬಾರಿ ಸೈಡ್-ಬೈ-ಸೈಡ್‌ಗೆ ಹೆಚ್ಚುವರಿ ವಾರಂಟಿ ಯೋಚಿಸುವಂಥದ್ದು. ಗಾಳಿಯಲ್ಲಿ ತಣ್ಣಗಾಗುವ ಸರಳ ಟ್ರೇಲ್ ಬೈಕಿಗೆ ದಂಡ.

"ನಮ್ಮಲ್ಲೇ ಸರ್ವಿಸ್ ಮಾಡಿಸದಿದ್ದರೆ ವಾರಂಟಿ ಹೋಗುತ್ತೆ" ಅಂದರೆ ನಂಬಬೇಡಿ. 1975ರ ಮ್ಯಾಗ್ನುಸನ್-ಮಾಸ್ ವಾರಂಟಿ ಕಾನೂನು ಗ್ರಾಹಕರ ಪರವಾಗಿದೆ. ಆಯಿಲನ್ನು ನಿಮ್ಮ ಗ್ಯಾರೇಜಿನಲ್ಲೇ ಬದಲಿಸಬಹುದು. ರಶೀತಿ ಮತ್ತು ತಾರೀಕು ಇಟ್ಟುಕೊಳ್ಳಿ.

ಇನ್ನೊಂದು ತಪ್ಪು ನಂಬಿಕೆ, ಮೂರು ದಿನದೊಳಗೆ ಗಾಡಿ ವಾಪಸ್ ಕೊಡಬಹುದು ಅನ್ನುವುದು. ಆ ಕೇಂದ್ರ ನಿಯಮ ಮನೆಬಾಗಿಲಿಗೆ ಬಂದು ಮಾರುವಂಥ ವ್ಯಾಪಾರಕ್ಕೆ. ಶೋರೂಮಿಗೆ ನೀವೇ ಹೋಗಿ ಸಹಿ ಹಾಕಿದ ಗಾಡಿಗೆ ಅದು ಸಲ್ಲುವುದಿಲ್ಲ. ಆದ್ದರಿಂದ ಈಮೇಲಿನಲ್ಲಿ ಬಂದ ಅಂಕಿ ಮತ್ತು ಒಪ್ಪಂದದ ಅಂಕಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದು ಡಾಲರ್ ಹೆಚ್ಚಿದ್ದರೂ ಕಾರಣ ಕೇಳಿ. ಖಾಲಿ ಜಾಗ ಇರುವ ಕಾಗದಕ್ಕೆ ಸಹಿ ಹಾಕಬೇಡಿ.

8. ಗಾಡಿ ತರುವ ದಿನ

ಹಗಲಿನಲ್ಲಿ ಹೋಗಿ. ಫ್ರೇಮಿನ ವಿನ್ ನಂಬರ್ ಮತ್ತು ಕಾಗದದ ನಂಬರ್ ಒಂದೇ ಇದೆಯಾ ನೋಡಿ. ಬೈಕಾದರೆ ಚೈನನ್ನು ಬೆರಳಿನಿಂದ ಎತ್ತಿ ಸಡಿಲ ನೋಡಿ, ಹಿಂದಿನ ಆಕ್ಸಲ್ ನಟ್ ಬಿಗಿ ಇದೆಯಾ ಕೇಳಿ, ಸ್ಪೋಕ್‌ಗಳನ್ನು ಒಂದೊಂದಾಗಿ ಮುಟ್ಟಿ ನೋಡಿ. ಸೈಡ್-ಬೈ-ಸೈಡ್ ಆದರೆ ಪಂಜರದ ಬೋಲ್ಟುಗಳು, ಚಕ್ರದ ನಟ್ಟುಗಳು, ಸೀಟ್ ಬೆಲ್ಟ್. ಕೂಲೆಂಟ್, ಬ್ರೇಕ್ ಆಯಿಲ್ ಮಟ್ಟ ನೋಡಿ. ಸೆಟಪ್‌ಗೆ ದುಡ್ಡು ಕೊಟ್ಟಿದ್ದೀರಿ, ಮೆಕ್ಯಾನಿಕ್ ಗುರುತು ಹಾಕಿ ಸಹಿ ಮಾಡಿದ ಪಿಡಿಐ ಪಟ್ಟಿಯ ಪ್ರತಿ ಕೇಳಿ ತೆಗೆದುಕೊಳ್ಳಿ. ಎರಡು ಕೀ, ಟೂಲ್ ಕಿಟ್, ಮ್ಯಾನುಯಲ್ ಬಂದವಾ ನೋಡಿ.

ತಾತ್ಕಾಲಿಕ ನೋಂದಣಿ ಕಾಗದ ಇಲ್ಲದೆ ಸರ್ಕಾರಿ ಆಫ್-ರೋಡ್ ಜಾಗಕ್ಕೆ ಇಳಿಯಬೇಡಿ. ಆಫ್-ರೋಡ್ ಗಾಡಿಗೆ ಇಲ್ಲಿ ವಿಮೆ ಕಡ್ಡಾಯವಿಲ್ಲ, ಆದರೆ ಸಾಲ ಕೊಟ್ಟವರು ಕೇಳುತ್ತಾರೆ. ವಿಮೆಯನ್ನು ಮನೆ ವಿಮೆಯ ಕಂಪನಿಯಲ್ಲೂ ವಿಚಾರಿಸಿ.

ಒಪ್ಪಿದ ಬೆಲೆಗಿಂತ ಹೆಚ್ಚು ವಸೂಲಿ ಮಾಡಿದ್ದಾರೆ, ಇಲ್ಲಾ 85 ಡಾಲರ್ ಮಿತಿ ಮೀರಿದ ಡಾಕ್ ಫೀ ಹಾಕಿದ್ದಾರೆ ಅಂತ ಆಮೇಲೆ ಗೊತ್ತಾದರೆ ಮೊದಲು ಶೋರೂಮಿನ ಜನರಲ್ ಮ್ಯಾನೇಜರಿಗೆ ಈಮೇಲ್ ಮಾಡಿ. ಸರಿಹೋಗದಿದ್ದರೆ ಕ್ಯಾಲಿಫೋರ್ನಿಯಾ ಡಿಎಂವಿಯ (ರಾಜ್ಯದ ಮೋಟಾರು ವಾಹನ ಇಲಾಖೆ) ತನಿಖಾ ವಿಭಾಗಕ್ಕೆ ದೂರು ಕೊಡಿ. ಡೀಲರಿಗೆ ಲೈಸೆನ್ಸ್ ಕೊಡುವುದು ಡಿಎಂವಿಯೇ. ದೂರಿನ ಜೊತೆ ಹ್ಯಾಂಡಲ್ ಚೀಟಿಯ ಫೋಟೋ, ಬೆಲೆ ಬರೆದ ಈಮೇಲ್, ಸಹಿ ಮಾಡಿದ ಒಪ್ಪಂದ ಮೂರನ್ನೂ ಸೇರಿಸಿ.